ಕತ್ತೆಯ ಗೊರಸಿನ ಕೆಳಗಿನ ಗಾಯ

ಕೇಳುವವರು ಸಿಕ್ಕಿದರೆ ಯೋಗಾನಂದ ಊಟ ಮರೆಯುತ್ತಿದ್ದ. ಆದರೆ ಕೇಳುವವರೇ ಸಿಗುತ್ತಿರಲಿಲ್ಲ. ಕನ್ನಡ ಕೂಟದ ಯುಗಾದಿಯಲ್ಲಿ ಅವನು ಜೇಬಿಗೆ ಕೈ ಹಾಕಿದನೆಂದರೆ ಎದುರಿಗಿದ್ದವರಿಗೆ ಥಟ್ಟನೆ ಬಿಸಿಬೇಳೆಬಾತಿನ ಸಾಲು ನೆನಪಾಗುತ್ತಿತ್ತು. ಹೆಂಡತಿ ಉಮಾಶ್ರೀಯಂತೂ ಈ ಹುಚ್ಚು ಹತ್ತಿದ ಮೊದಲ ವರ್ಷವೇ ಕೈಮುಗಿದುಬಿಟ್ಟಿದ್ದಳು. ಐವತ್ತೆಂಟು ವರ್ಷದ ಇಂಜಿನಿಯರು, ಎವರ್‌ಗ್ರೀನ್ ಗುಡ್ಡದ ಮೇಲೆ ಸ್ವಂತ ಮನೆ, ಹದಿನೈದು ವರ್ಷದಿಂದ ಅಮೆರಿಕದ ಸಿಟಿಜನ್. ಇಷ್ಟೆಲ್ಲ ಇದ್ದವನು ಇಪ್ಪತ್ತಮೂರು ವರ್ಷದಿಂದ ಕೂಡಿಸುತ್ತ ಬಂದದ್ದು ಇಂಗ್ಲೆಂಡಿನ ಹಳೆಯ ತಾಮ್ರದ ಬಿಲ್ಲೆಗಳನ್ನು.

ಇನ್ನೂರಮೂವತ್ತು ವರ್ಷಗಳ ಹಿಂದೆ ಆ ದೇಶದಲ್ಲಿ ಚಿಲ್ಲರೆಗೆ ಬರ ಬಂದಿತ್ತು. ಸರ್ಕಾರ ಸಾಕಷ್ಟು ತಾಮ್ರದ ಕಾಸು ಹೊಡೆಸದೆ ಕೂತಾಗ ಅಂಗಡಿಯವರೂ ಗಣಿಯವರೂ ತಾವೇ ಬಿಲ್ಲೆ ಹೊಡೆಸಿ ಹಂಚಿದರು. ಅದೇ ಸಂದಿನಲ್ಲಿ ಕೆಲವರು ಬಿಲ್ಲೆಯ ಮೇಲೆಯೇ ರಾಜನನ್ನೂ ಮಂತ್ರಿಗಳನ್ನೂ ಗೇಲಿ ಮಾಡಿದರು. ಲಂಡನ್ನಿನ ಒಬ್ಬ ಬಡ ಪುಸ್ತಕದಂಗಡಿಯವನು ಕಿರೀಟ ತುಳಿಯುವ ಹಂದಿಯನ್ನು ಹೊಡೆಸಿದ, ಸೆರೆಮನೆಯಲ್ಲಿ ಎಲುಬು ಕಡಿಯುವ ಬಡವನನ್ನು ಹೊಡೆಸಿದ, ಕಿಟಕಿಯಿಂದ ಬೀದಿಗೆ ಹಿಡಿಹಿಡಿಯಾಗಿ ಎಸೆದನೆಂದೂ ಹೇಳುತ್ತಾರೆ. ಜೈಲಿಗಂತೂ ಹೋಗಿಬಂದ. ಯೋಗಾನಂದನ ಪಾಲಿಗೆ ಅವನು ಮನೆದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ರಾಜನ ಮೇಲಿನದಕ್ಕಿಂತ ಹೆಚ್ಚಿನ ಸಿಟ್ಟು ಯೋಗಾನಂದನಿಗೆ ಆ ಕಾಲದ ಚಾಡಿಕೋರರ ಮೇಲೆ. ಸರ್ಕಾರದ ಕೂಳು ತಿಂದು, ಹೆಂಡದಂಗಡಿಯಲ್ಲಿ ಕೂತು, ಯಾರು ಏನೆಂದರು ಎಂದು ಕೇಳಿಕೊಂಡು ಹೋಗಿ ಹೇಳುತ್ತಿದ್ದವರು. "ರಾಜಂಗಾದ್ರೂ ಕ್ಷಮೆ ಇದೆ, ಆ ನನ್ಮಕ್ಳಿಗಿಲ್ಲ" ಎಂದು ಅವನು ಊಟದ ಮೇಜಿನ ಮೇಲೆ ಕೈ ಬಡಿಯುತ್ತಿದ್ದ. ಉಮಾಶ್ರೀ ಸಾರಿನ ಬಟ್ಟಲನ್ನು ಆಚೆಗೆ ಸರಿಸುತ್ತಿದ್ದಳು.

ಬಿಲ್ಲೆಗಳಿಗಾಗಿ ಅವನು ಒಂದು ಮರದ ಪೆಟ್ಟಿಗೆ ಮಾಡಿಸಿದ್ದ. ತೆಳ್ಳನೆಯ ಡ್ರಾಯರುಗಳು, ಡ್ರಾಯರಿನಲ್ಲಿ ದುಂಡು ಗುಳಿಗಳು, ಗುಳಿಗೊಂದು ಬಿಲ್ಲೆ, ಬಿಲ್ಲೆಯ ಅಡಿಯಲ್ಲಿ ಅಷ್ಟೇ ಅಗಲದ ದುಂಡು ಚೀಟಿ. ಬಿಲ್ಲೆ ಯಾವುದು, ಯಾರು ಮಾಡಿದ್ದು, ಯಾರ ಕೈಯಿಂದ ಬಂತು, ಅದರ ಗುರುತು ಹಿಡಿದವರು ಯಾರು ಎಂದು ಚೀಟಿಯ ಮೇಲೆ ಇರುವೆಯಂಥ ಅಕ್ಷರದಲ್ಲಿ ಬರೆಯಬೇಕು. ಒಬ್ಬ ಸತ್ತು ಬಿಲ್ಲೆ ಇನ್ನೊಬ್ಬನಿಗೆ ಹೋದಾಗ ಚೀಟಿಯೂ ಅದರ ಜೊತೆಗೇ ಹೋಗುತ್ತದೆ. ಹಿಂದಿನವರ ಚೀಟಿಯನ್ನು ಎಸೆಯುವುದು ಈ ಹುಚ್ಚಿನವರಲ್ಲಿ ಮಹಾಪಾಪ. ಗುರುತು ಹಿಡಿದವನೆಂದು ಇನ್ನೊಬ್ಬರ ಚೀಟಿಯಲ್ಲಿ ಹೆಸರು ಬರುವುದು ದೊಡ್ಡ ಮರ್ಯಾದೆ. ಇಪ್ಪತ್ತಮೂರು ವರ್ಷದಲ್ಲಿ ಯೋಗಾನಂದನ ಹೆಸರು ಯಾರ ಚೀಟಿಯಲ್ಲೂ ಬಂದಿರಲಿಲ್ಲ.

ಅಂಥವನಿಗೆ ನಿಸರ್ಗಾ ಸಿಕ್ಕಿದಳು. ರೆಡ್‌ವುಡ್ ಸಿಟಿಯ ಅವನ ಆಫೀಸಿನಲ್ಲಿ ಅದೇ ಮಹಡಿಯ ಇನ್ನೊಂದು ಟೀಮಿನವಳು, ದೊಡ್ಡಬಳ್ಳಾಪುರದ ಕಡೆಯ ಮೂವತ್ತೆರಡರ ಹುಡುಗಿ. ಗಂಡ ಗೌತಮ್ ಮತ್ತು ನಾಲ್ಕು ವರ್ಷದ ಮಗಳ ಜೊತೆ ಸ್ಯಾನ್ ರಮೋನಿನ ಅಪಾರ್ಟ್‌ಮೆಂಟಿನಲ್ಲಿದ್ದಳು. ಗಂಡನ ವೀಸಾ ಅವಳ ವೀಸಾಕ್ಕೆ ಕಟ್ಟಿದ್ದು, ಅವಳ ವೀಸಾ ಈ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಅರವತ್ತು ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಇದು ಗೊತ್ತಿಲ್ಲದ ಕನ್ನಡದವರು ಆ ಮಹಡಿಯಲ್ಲಿ ಯಾರೂ ಇರಲಿಲ್ಲ. ಯೋಗಾನಂದನಿಗಂತೂ ಚೆನ್ನಾಗಿಯೇ ಗೊತ್ತಿತ್ತು. ತಾನೂ ಒಂದು ಕಾಲದಲ್ಲಿ ಅದೇ ಹಗ್ಗದ ಮೇಲೆ ನಡೆದವನು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನು ಕತ್ತೆಯ ಚಿತ್ರದ ಒಂದು ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಾಗ ಅವಳು ತಾನಾಗಿ ಬಂದು ಕೂತಳು.

"ಸರ್, ಪಾಪ ಆ ಕತ್ತೆ ಮೇಲೆ ಯಾಕ್ ಸರ್ ಎರಡೆರಡು ಜೊತೆ ಬುಟ್ಟಿ?"

"ಒಂದು ಜೊತೆ ಬಾಡಿಗೆ, ಇನ್ನೊಂದು ಜೊತೆ ಟ್ಯಾಕ್ಸು. ಸುತ್ತ ಬರೆದಿರೋದು ಕತ್ತೆ ಮಾತು. ಮೊದಲ್ನೇ ಹೇರು ಹೊತ್ಕೊಂಡಿದ್ದೇ ನನ್ನ ಕತ್ತೆತನ, ಅಂತಿದೆ ಅದು."

ಅವಳು ನಕ್ಕ ನಗುವಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು. "ಇದು ನಮ್ ಟೀಮ್ ಕಥೆನೇ ಸರ್!" ಜನವರಿಯಲ್ಲಿ ಅವಳ ಟೀಮಿನ ಅರ್ಧ ಜನರನ್ನು ತೆಗೆದಿದ್ದರು. ಹೋದವರ ಕೆಲಸ ಉಳಿದವರ ಬೆನ್ನಿಗೆ ಬಿದ್ದಿತ್ತು.

ಅಂದಿನಿಂದ ವಾರಕ್ಕೆರಡು ದಿನ ಪಾಠ. ಅವನು ಹೇಳಿದ, ಅವಳು ಕೇಳಿದಳು, ಪ್ರಶ್ನೆಯನ್ನೂ ಕೇಳಿದಳು. ಕತ್ತೆಯ ಕಿವಿಯಿಂದ ಅಂಚಿನವರೆಗೆ ಓಡುವ ಕೂದಲೆಳೆಯಂಥ ಗೆರೆಯನ್ನು ತೋರಿಸಿ ಅವನೆಂದ: "ಇದು ಅಚ್ಚು ಬಿರಿದಿದ್ದು. ಆ ಅಚ್ಚಲ್ಲಿ ಆಮೇಲೆ ಹೊಡೆದ ಎಲ್ಲಾ ಬಿಲ್ಲೆಯಲ್ಲೂ ಇರುತ್ತೆ. ಆದ್ರೆ ಹಿಂದಿನ ಗೊರಸಿನ ಕೆಳಗೆ ಸಣ್ಣ ಗಾಯ ಕಾಣ್ತಾ? ಅದು ಯಾರೋ ಯಾವತ್ತೋ ಕೆಡವಿದಾಗ ಆಗಿದ್ದು. ಇಡೀ ಪ್ರಪಂಚದಲ್ಲಿ ಇದೊಂದಕ್ಕೇ ಇರೋದು." ಆ ಗಾಯದ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಆಗಸ್ಟಿನಲ್ಲಿ ನಿಸರ್ಗಾ, ಎರಡು ವಾರ ಕತ್ತೆಯನ್ನು ಮನೆಗೆ ಒಯ್ಯಲೇ ಎಂದು ಕೇಳಿದಳು. ಬಿಲ್ಲೆಯನ್ನು ಯಾರಿಗೂ ಕೊಡದವನು ಹಿಂದೆಮುಂದೆ ನೋಡದೆ ಕೊಟ್ಟ. ಹೇಳಿದ ದಿನಕ್ಕೆ, ಮೆತ್ತನೆಯ ಕಾಗದದಲ್ಲಿ ಸುತ್ತಿ, ಅವಳು ವಾಪಸು ತಂದುಕೊಟ್ಟಳು.

ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು ಜನರನ್ನು ತೆಗೆದರು. ವೈಸ್ ಪ್ರೆಸಿಡೆಂಟು ಎಲ್ಲರನ್ನೂ ಕೂಡಿಸಿ, ನಾವೆಲ್ಲ ಒಂದೇ ಕುಟುಂಬ ಎಂದು ಭಾಷಣ ಮಾಡಿದ. ಮರು ಸೋಮವಾರ ಬೆಳಿಗ್ಗೆ ಕಾಫಿ ಮೆಷಿನ್ನಿನ ಪಕ್ಕ, ಲಿಫ್ಟಿನೊಳಗೆ, ಮೀಟಿಂಗ್ ರೂಮುಗಳ ಮೇಜಿನ ಮೇಲೆ ಬಿಲ್ಲೆಗಳು ಬಿದ್ದಿದ್ದವು. ಜನ ಆರಿಸಿ ಜೇಬಿಗಿಳಿಸಿದರು, ಬಾತ್‌ರೂಮಿನಲ್ಲಿ ನಿಂತು ನಕ್ಕರು. ಆ ದಿನ ಯೋಗಾನಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅವನ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ.

ಮಂಗಳವಾರ, ಅಕ್ಟೋಬರ್ ಹದಿನಾಲ್ಕರಂದು, ಎಚ್‌ಆರ್‌ನ ಲಾರಾ ಅವನನ್ನು ಕರೆಸಿದಳು. ರೂಮಿನಲ್ಲಿ ವಕೀಲನೊಬ್ಬ, ಸೆಕ್ಯುರಿಟಿಯವನೊಬ್ಬ ಕೂತಿದ್ದರು. ಲಾರಾ ತಾನೇ ಎದ್ದು ಅವನಿಗೆ ಕಾಫಿ ತಂದಿಟ್ಟಳು. ಹಳೆಯ ಬಿಲ್ಲೆಗಳ ವಿಷಯದಲ್ಲಿ ನಿನಗಿಂತ ತಿಳಿದವರು ಇಲ್ಲಿ ಯಾರೂ ಇಲ್ಲವಂತೆ, ದಯವಿಟ್ಟು ಇದು ಏನೆಂದು ಹೇಳು ಎಂದು ಪ್ಲಾಸ್ಟಿಕ್ ಚೀಲದಿಂದ ಒಂದು ಬಿಲ್ಲೆಯನ್ನು ಮೇಜಿನ ಮೇಲೆ ಜಾರಿಸಿದಳು.

ಒಂದು ಬದಿಯಲ್ಲಿ ವೈಸ್ ಪ್ರೆಸಿಡೆಂಟಿನ ತಲೆ, ರಾಜನ ತಲೆಯ ಹಾಗೆ. ಕಿರೀಟದ ಜಾಗದಲ್ಲಿ ಹೆಡ್‌ಫೋನು, ಸುತ್ತ 'ನಾವೆಲ್ಲ ಒಂದೇ ಕುಟುಂಬ'. ಇನ್ನೊಂದು ಬದಿಯಲ್ಲಿ ಎರಡು ಜೊತೆ ಬುಟ್ಟಿ ಹೊತ್ತ ಕತ್ತೆ. ಒಂದರ ಮೇಲೆ 'ನಿನ್ನ ಕೆಲಸ', ಇನ್ನೊಂದರ ಮೇಲೆ 'ಹೋದವರ ಕೆಲಸ'. ಸುತ್ತ ಅದೇ ಹಳೆಯ ಮಾತು. ಯೋಗಾನಂದನ ಎದೆ ಸಂತೋಷದಿಂದ ಉಬ್ಬಿತು. ಸುಳ್ಳೇಕೆ ಹೇಳಬೇಕು, ಆ ಗಳಿಗೆಯಲ್ಲಿ ಅವನಿಗಾದದ್ದು ಶುದ್ಧ ಸಂತೋಷವೇ.

ಅವನು ಜೇಬಿನಿಂದ ಭೂತಗನ್ನಡಿ ತೆಗೆದ. ಚಿಲ್ಲರೆಯ ಬರದಿಂದ ಶುರುಮಾಡಿದ. ಪುಸ್ತಕದಂಗಡಿ, ಹಂದಿ, ಕಿಟಕಿ, ಜೈಲು, ಯಾವುದನ್ನೂ ಬಿಡಲಿಲ್ಲ. ಮೂವರು ಅಮೆರಿಕನ್ನರು ಮೊಬೈಲು ನೋಡದೆ ಅವನ ಮುಖವನ್ನೇ ನೋಡುತ್ತಿದ್ದರು. ಲಾರಾ ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವನ ಮಾತನ್ನು ಯಾರೂ ಹಾಗೆ ಬರೆದುಕೊಂಡಿರಲಿಲ್ಲ. ಇದು ಹೊಡೆದದ್ದಲ್ಲ, ಎರಕ ಹೊಯ್ದದ್ದು ಎಂದ. ಹಳೆಯ ಬಿಲ್ಲೆಯಿಂದಲೇ ಅಚ್ಚು ತೆಗೆದು ಅಕ್ಷರ ಬದಲಾಯಿಸಿದ್ದಾರೆ, ಕಿವಿಯ ಹತ್ತಿರದ ಬಿರುಕೂ ಹಾಗೇ ಬಂದಿದೆ ನೋಡಿ ಎಂದ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬಿರುಕು ನೂರು ಬಿಲ್ಲೆಗೆ ಇರುತ್ತದೆ. ಆದರೆ ಗುರುತು ಹಿಡಿಯಲು ಕೂತವನು ಅರ್ಧಕ್ಕೆ ನಿಲ್ಲಿಸಿಯಾನೆ? ಕನ್ನಡಿಯನ್ನು ಗೊರಸಿನ ಮೇಲೆ ಜರುಗಿಸಿದ. ಗಾಯ ಅಲ್ಲಿತ್ತು.

"ಅಯ್ಯೋ, ಇದು ನನ್ನದೇ!" ಎಂದು ಇಂಗ್ಲಿಷಿನಲ್ಲಿ ಕೂಗಿಬಿಟ್ಟ. "ಈ ಗಾಯ ಇಡೀ ಪ್ರಪಂಚದಲ್ಲಿ ನನ್ನ ಬಿಲ್ಲೆಗೆ ಮಾತ್ರ ಇರುವುದು. ನನ್ನದರಿಂದಲೇ ಅಚ್ಚು ತೆಗೆದಿದ್ದಾರೆ."

ಲಾರಾಳ ಪೆನ್ನು ನಿಂತಿತು. ಮೃದುವಾಗಿ ಕೇಳಿದಳು: "ನಿನ್ನ ಬಿಲ್ಲೆ ಎಲ್ಲಿರುತ್ತದೆ?"

"ಮನೆಯಲ್ಲಿ, ಪೆಟ್ಟಿಗೆಯಲ್ಲಿ."

"ಯಾವಾಗಲೂ?"

ಆಗ ಅವನಿಗೆ ಎಲ್ಲ ತಿಳಿಯಿತು. ತಿಳಿದ ಮೇಲೂ ಅರ್ಧ ಕ್ಷಣ ಉಳಿದಿತ್ತು. ಹೌದು, ಯಾವಾಗಲೂ ಎಂದಿದ್ದರೆ ಮುಗಿಯುತ್ತಿತ್ತು. ಯಾರೋ ನನ್ನ ಮೇಜಿನಿಂದ ಎಗರಿಸಿರಬೇಕು ಎಂದಿದ್ದರೂ ಮುಗಿಯುತ್ತಿತ್ತು. ಆದರೆ ವಕೀಲ ಅವನನ್ನೇ ನೋಡುತ್ತಿದ್ದ. ಹಾಗಾದರೆ ಇದನ್ನು ಮಾಡಿದವನು ನಾನೇ ಎಂದುಕೊಳ್ಳುತ್ತಾರೆ ಎಂದು ಅವನಿಗೆ ಭಯವಾಯಿತು.

"ಆಗಸ್ಟಿನಲ್ಲಿ ಎರಡು ವಾರ ಬಿಟ್ಟು," ಎಂದ. ಆಮೇಲೆ ಹೆಸರನ್ನೂ ಹೇಳಿದ.

ಗುರುವಾರ ಸಂಜೆ ಅವನು ಇಂಡಿಯನ್ ಗ್ರೋಸರಿಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ನಿಸರ್ಗಾಳ ಫೋನು ಬಂತು.

"ಸರ್, ನನ್ನ ತೆಗೆದ್ಬಿಟ್ರು ಸರ್." ದನಿ ಶಾಂತವಾಗಿತ್ತು. "ಕತ್ತೆ ಮಾಡಿದ್ದು ನಾನೇ. ನಿಮಗೆ ಸರ್‌ಪ್ರೈಸ್ ಕೊಡೋಣ ಅಂತಿದ್ದೆ. ಲೆಟರ್ ಕೊಟ್ಟಿದಾರೆ, ಎರಡು ಪೇಜು."

"ಅಯ್ಯೋ, ಎಂಥಾ ಕೆಲಸ ಆಯ್ತಮ್ಮಾ."

"ಯಾರು ಹೇಳಿರ್ಬೋದು ಸರ್? ನಿಮಗೇನಾದ್ರೂ ಗೊತ್ತಾ?"

ಯೋಗಾನಂದ ಕೈಯಲ್ಲಿದ್ದ ಬದನೆಕಾಯಿಯನ್ನು ತಿರುಗಿಸಿ ನೋಡಿದ. ಅದರಲ್ಲಿ ಹುಳುವಿನ ತೂತಿತ್ತು. "ಗೊತ್ತಿಲ್ಲಮ್ಮಾ," ಎಂದ.

"ಸರಿ ಸರ್," ಎಂದು ಅವಳು ಫೋನಿಟ್ಟಳು. ಲೆಟರಿನಲ್ಲಿ ಏನು ಬರೆದಿದ್ದಾರೆ ಎಂದು ಅವನು ಕೇಳಲಿಲ್ಲ.

ಆಮೇಲಿನ ಎರಡು ತಿಂಗಳು ಅವನು ಓಡಾಡಿದ ಓಡಾಟ ಒಂದೆರಡಲ್ಲ. ಅವಳ ರೆಸ್ಯೂಮೆಯನ್ನು ನಲವತ್ತು ಜನರಿಗೆ ಕಳಿಸಿದ. ಸ್ಯಾನ್ ರಮೋನಿನಲ್ಲಿದ್ದ ಹಳೆಯ ಗೆಳೆಯ ಅನಂತಪದ್ಮನಾಭನ ಮನೆಗೇ ಹೋಗಿ ಕೂತ. "ಎಲ್ಲಾ ಕಡೆ ಹೈರಿಂಗ್ ಫ್ರೀಜ್ ಕಣಯ್ಯಾ. ಅದೂ ಈ ಥರ ತೆಗೆಸ್ಕೊಂಡೋರು ಅಂದ್ರೆ ಮುಟ್ಟೋದೇ ಇಲ್ಲ," ಎಂದು ಅವನು ಕಾಫಿ ಕೊಟ್ಟು ಕಳಿಸಿದ. ಇನ್ನೊಂದು ದಾರಿಯಿತ್ತು. ಲಾರಾಳ ರೂಮಿಗೆ ಹೋಗಿ, ಮಾಡಿದ್ದು ನಾನೇ, ಹೆದರಿ ಆ ಹುಡುಗಿಯ ಹೆಸರು ಹೇಳಿದೆ ಎನ್ನುವುದು. ತನ್ನನ್ನು ತೆಗೆದರೆ ತೆಗೆಯಲಿ, ದೇಶ ಬಿಡು ಎಂದು ಯಾರೂ ಹೇಳುವಂತಿಲ್ಲ. ಪ್ರತಿ ಬೆಳಿಗ್ಗೆ ಫ್ರೀವೇ ಹತ್ತುವಾಗ ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಳ್ಳುತ್ತಿದ್ದ. ರೆಡ್‌ವುಡ್ ಸಿಟಿಯ ಎಕ್ಸಿಟ್ಟು ಬರುವಷ್ಟರಲ್ಲಿ ಅದು ನಾಳೆಗೆ ಹೋಗಿರುತ್ತಿತ್ತು. ಹೇಡಿಗೆ ಅರವತ್ತು ನಾಳೆಗಳು ಏನೂ ಸಾಲುವುದಿಲ್ಲ.

ಡಿಸೆಂಬರಿನ ಎರಡನೆಯ ಶನಿವಾರ ಯೋಗಾನಂದ, ಉಮಾಶ್ರೀ ಇಬ್ಬರೂ ಸ್ಯಾನ್ ರಮೋನಿಗೆ ಹೋದರು. ಮರುದಿನ ನಿಸರ್ಗಾಳ ಮನೆಯವರ ವಿಮಾನ. ಬೆಳಿಗ್ಗೆಯಿಂದ ಸಣ್ಣ ಮಳೆ ಹಿಡಿದಿತ್ತು. ಅಪಾರ್ಟ್‌ಮೆಂಟಿನಲ್ಲಿ ಸೋಫಾ ಹೋಗಿ ಕಾರ್ಪೆಟ್ಟಿನ ಮೇಲೆ ಅದರ ಕಾಲಿನ ಗುರುತು ಉಳಿದಿತ್ತು. ಆರು ಸೂಟ್‌ಕೇಸು, ಒಂದು ತೂಕದ ಮೆಷಿನ್ನು. ನಿಸರ್ಗಾಳ ಮಗಳು ತೇಜಸ್ವಿನಿ ಖಾಲಿ ರಟ್ಟಿನ ಡಬ್ಬದೊಳಗಿಂದ ತಲೆ ಎತ್ತಿ, "ಆರ್ ಯು ದ ಕಾಯಿನ್ ಅಂಕಲ್?" ಎಂದು ಕೇಳಿದಳು. ಯೋಗಾನಂದ ಹೂಂ ಎಂದ. "ಅಮ್ಮ ಸೇಸ್ ಯು ನೋ ಎವ್ರಿಥಿಂಗ್," ಎಂದು ಮಗು ಮತ್ತೆ ಡಬ್ಬದೊಳಗೆ ಮುಳುಗಿತು.

ಉಮಾಶ್ರೀ ದಾರಿಗೆಂದು ಮಾಡಿ ತಂದ ಕೋಡುಬಳೆಯನ್ನು ಕೊಟ್ಟು ಕಣ್ಣೊರೆಸಿಕೊಂಡಳು. ನಿಸರ್ಗಾ ಬಾಲ್ಕನಿಯಿಂದ ಕರಿಬೇವಿನ ಕುಂಡ ತಂದು, "ಇದನ್ನ ನೀವೇ ಸಾಕ್ಬೇಕು ಆಂಟಿ, ಮೂರು ವಿಂಟರ್ ಉಳಿಸ್ಕೊಂಡಿದೀನಿ," ಎಂದು ಅವಳ ಕೈಗಿತ್ತಳು. ನಿಸರ್ಗಾ ತುಂಬ ಇಳಿದುಹೋಗಿದ್ದಳು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆಮೇಲೆ ಹ್ಯಾಂಡ್‌ಬ್ಯಾಗಿನಿಂದ ಒಂದು ಚಿಕ್ಕ ಪೊಟ್ಟಣ ತೆಗೆದಳು.

"ಎಲ್ಲಾ ಆಫೀಸ್ನೋರು ತಗೊಂಡ್ರು ಸರ್. ಇದೊಂದು ಬ್ಯಾಗಿನ ಲೈನಿಂಗಲ್ಲಿ ಉಳ್ಕೊಂಡಿತ್ತು. ನಿಮ್ಮ ಪೆಟ್ಟಿಗೇಲಿ ಇಡಿ. ಚೀಟಿನೂ ಬರ್ದಿದೀನಿ, ನೀವು ಹೇಳ್ಕೊಟ್ಟ ರೂಲ್ಸ್ ಪ್ರಕಾರ."

"ನಿಸರ್ಗಾ, ನಿನಗೊಂದು ಮಾತು ಹೇಳ್ಬೇಕಿತ್ತು," ಎಂದ ಯೋಗಾನಂದ.

"ಹೇಳಿ ಸರ್." ಅವಳು ಕಾದು ನಿಂತಳು. ಕಣ್ಣು ಎವೆಯಿಕ್ಕದೆ ಅವನ ಮೇಲೇ ಇತ್ತು.

ಅಷ್ಟರಲ್ಲಿ ಗೌತಮ್ ಒಳಗಿನಿಂದ ಬಂದು, ಟೇಪು ಎಲ್ಲಿ, ಮೂರನೇ ಸೂಟ್‌ಕೇಸಿನ ಜಿಪ್ಪು ಕಿತ್ತುಬಂತು ಎಂದ. ಅವಳು ಗಂಡನ ಕಡೆ ತಿರುಗಲಿಲ್ಲ, ಇನ್ನೂ ಕಾಯುತ್ತಲೇ ಇದ್ದಳು. ತಿರುಗಿದವನು ಯೋಗಾನಂದ. "ಟೇಪು ಅಲ್ಲಿ ಕಿಟಕಿ ಹತ್ರ ಇದೆ ನೋಡಪ್ಪಾ," ಎಂದು ತಾನೇ ಹೋಗಿ ತಂದುಕೊಟ್ಟ. ಆ ಮಾತು ಹೇಳುವುದು ತಪ್ಪಿದ್ದಕ್ಕೆ ಅವನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಹಾಯೆನಿಸಿದ್ದು ಮೊದಲು.

ಹಿಂತಿರುಗುವಾಗ ೬೮೦ನೇ ಫ್ರೀವೇ ಮೇಲೆ ಗಾಡಿಗಳು ದೀಪ ಹಾಕಿಕೊಂಡು ತೆವಳುತ್ತಿದ್ದವು. ಉಮಾಶ್ರೀ ಕರಿಬೇವಿನ ಕುಂಡವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಹೊತ್ತು ಹೋಗದೆ ಪೊಟ್ಟಣ ಬಿಚ್ಚಿದಳು. ಬಿಲ್ಲೆಯನ್ನು ಮಡಿಲಲ್ಲಿಟ್ಟು, ದುಂಡು ಚೀಟಿಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದಳು.

"ಎಷ್ಟು ಮುದ್ದಾಗಿ ಬರೆದಿದಾಳ್ರೀ! 'ಎರಡು ಹೇರಿನ ಕತ್ತೆ. ಸ್ಯಾನ್ ರಮೋನ್. ಮಾಡಿದವರು ನಿಸರ್ಗಾ. ಗೊರಸಿನ ಕೆಳಗೆ ಗಾಯ.' ಇಲ್ನೋಡ್ರೀ, ನಿಮ್ಮ ಹೆಸ್ರೂ ಹಾಕಿದಾಳೆ! 'ಗುರುತು ಹಿಡಿದವರು ಯೋಗಾನಂದ, ಅಕ್ಟೋಬರ್ ಹದಿನಾಲ್ಕು.'"

ಯೋಗಾನಂದ ಬ್ರೇಕು ಒತ್ತಿದ. ಲಾರಾಳ ರೂಮಿನ ತಾರೀಕು. ಗೊರಸಿನ ಗಾಯ. ಅದು ಆ ಎರಡು ಪುಟದ ಲೆಟರಿನಲ್ಲೇ ಇದ್ದಿರಬೇಕು. ಆ ಗಾಯದ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಗುರುವಾರ ಅವಳು ಫೋನು ಮಾಡಿದಾಗ ಆ ಲೆಟರು ಅವಳ ಕೈಯಲ್ಲಿತ್ತು. ಯಾರು ಹೇಳಿರಬಹುದು ಎಂದು ಕೇಳಿದ್ದು ತಿಳಿದುಕೊಳ್ಳುವುದಕ್ಕಲ್ಲ. ಅವನೇ ಹೇಳಲಿ ಎಂದು ಕೇಳಿದ್ದು. ಇವತ್ತು ಕಾದು ನಿಂತದ್ದೂ ಅದಕ್ಕೇ.

"ನೋಡಿ, ಅಂಥಾ ಸಂಕಟದಲ್ಲೂ ನಿಮಗೊಂದು ಮರ್ಯಾದೆ ಕೊಟ್ಟು ಹೋದ್ಲು," ಎಂದಳು ಉಮಾಶ್ರೀ. "ಇಷ್ಟು ವರ್ಷಕ್ಕೆ ಒಬ್ರಾದ್ರೂ ನಿಮ್ಮ ಹೆಸ್ರು ಬರೆದ್ರಲ್ಲ. ಖುಷಿ ಆಗ್ಲಿಲ್ವಾ?"

"ಆಯ್ತು," ಎಂದ ಯೋಗಾನಂದ. ವೈಪರು ಆಡುತ್ತಿತ್ತು.

ಮನೆಗೆ ಬಂದವನು ಅಂಗಿಯನ್ನೂ ಬದಲಿಸದೆ ಪೆಟ್ಟಿಗೆಯ ಮುಂದೆ ಕೂತ. ಹಳೆಯ ಕತ್ತೆಯ ಪಕ್ಕದ ಗುಳಿ ಖಾಲಿಯಿತ್ತು. ಚೀಟಿಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಹರಿದು ಬುಟ್ಟಿಗೆ ಹಾಕಬಹುದಿತ್ತು, ಕೇಳುವವರಿಲ್ಲ. ಆದರೆ ಇನ್ನೊಬ್ಬರು ಬರೆದ ಚೀಟಿಯನ್ನು ಅವನು ಜನ್ಮದಲ್ಲಿ ಎಸೆದವನಲ್ಲ. ತಾನು ಹೋದ ಮೇಲೆ ಈ ಪೆಟ್ಟಿಗೆ ಯಾರ ಪಾಲಾಗುತ್ತದೋ. ಅವನು ಇಂಗ್ಲಿಷಿನವನೋ ಅಮೆರಿಕದವನೋ ಆಗಿರುತ್ತಾನೆ, ಕನ್ನಡ ಅವನಿಗೆಲ್ಲಿಂದ ಓದಲು ಬರಬೇಕು ಎಂಬ ಯೋಚನೆ ಬಂದು ಮನಸ್ಸು ಒಂದು ಚೂರು ಹಗುರಾಯಿತು. ಚೀಟಿಯನ್ನು ಮಗುಚಿದ.

ಹಿಂಬದಿಯಲ್ಲಿ ಅದನ್ನೇ ಅವಳು ಇಂಗ್ಲಿಷಿನಲ್ಲಿ ಬರೆದಿದ್ದಳು. ಒಂದು ಅಕ್ಷರವೂ ಬಿಟ್ಟಿರಲಿಲ್ಲ.

ಅಡುಗೆಮನೆಯಿಂದ ಉಮಾಶ್ರೀ, ಕರಿಬೇವನ್ನು ಒಳಗಿಡಲೋ ಹೊರಗಿಡಲೋ ಎಂದು ಕೂಗಿ ಕೇಳಿದಳು. ಯೋಗಾನಂದ ಚೀಟಿಯನ್ನು ಗುಳಿಗೆ ಇಳಿಸಿ, ಅದರ ಮೇಲೆ ಕತ್ತೆಯನ್ನಿಟ್ಟು, ಡ್ರಾಯರು ಮುಚ್ಚಿದ.